ಎಂಬಿಬಿಎಸ್ ಸೀಟಿನ ಲೆಕ್ಕ: ನೀಟ್, ಕೆಇಎ ಮತ್ತು ವಿದೇಶದ ದಾರಿ

(ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ವಿದ್ಯಾರ್ಥಿಗಳೇ, ತಂದೆ ತಾಯಂದಿರೇ,

ಇಂಥ ಸಭೆಗಳಲ್ಲಿ ಮೊದಲು ಬರುವ ಪ್ರಶ್ನೆ "ಎಷ್ಟು ಅಂಕ ಬಂದರೆ ಸೀಟು ಸಿಗುತ್ತೆ?" ಅನ್ನುವುದು. ಅದರ ಬೆನ್ನಿಗೇ "ಹೊರದೇಶದಲ್ಲಿ ಎಷ್ಟು ಖರ್ಚಾಗುತ್ತೆ?" ಅನ್ನುವುದು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕೂ ಮುಂಚೆ ಮನೆಯಲ್ಲಿ ಕೂತು ತೀರ್ಮಾನಿಸಬೇಕಾದ ಒಂದು ವಿಷಯವಿದೆ. ಓದು ಮುಗಿದ ಮೇಲೆ ಮಗ ಅಥವಾ ಮಗಳು ಯಾವ ದೇಶದಲ್ಲಿ ಚಿಕಿತ್ಸೆ ಕೊಡಬೇಕು? ಇಲ್ಲೇ ಎಂದಾದರೆ ಕೊನೆಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗಬೇಕು. ಪದವಿ ಕೈಗೆ ಬಂದೂ ನೋಂದಣಿ ಆಗದಿದ್ದರೆ ಅವರು ಒಂದು ಔಷಧಿ ಚೀಟಿ ಬರೆಯುವಂತಿಲ್ಲ. ಆದ್ದರಿಂದ ಇವತ್ತಿನ ಮಾತನ್ನೆಲ್ಲ ಆ ನೋಂದಣಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಆಡುತ್ತೇನೆ.

ಮೊದಲು ನೀಟ್, ಅಂದರೆ ವೈದ್ಯಕೀಯ ಸೀಟಿಗೆ ಇಡೀ ದೇಶಕ್ಕೆ ನಡೆಯುವ ಪ್ರವೇಶ ಪರೀಕ್ಷೆ. 2025ರಿಂದ ಪ್ರಶ್ನೆಪತ್ರಿಕೆ 180 ಪ್ರಶ್ನೆಗಳದ್ದು, ಎಲ್ಲವೂ ಕಡ್ಡಾಯ, ಸಮಯ 180 ನಿಮಿಷ. ಹಿಂದೆ ಇದ್ದ ಆಯ್ಕೆಯ ಪ್ರಶ್ನೆಗಳೂ ಹೆಚ್ಚುವರಿ 20 ನಿಮಿಷವೂ ಈಗಿಲ್ಲ. ಭೌತವಿಜ್ಞಾನ 45, ರಸಾಯನ 45, ಜೀವವಿಜ್ಞಾನ 90. ಸರಿಯುತ್ತರಕ್ಕೆ 4, ತಪ್ಪಿಗೆ ಕಳೆಯುವುದು 1, ಒಟ್ಟು 720. ಅಂದರೆ ಅರ್ಧ ಅಂಕ, 360, ಜೀವವಿಜ್ಞಾನದ್ದೇ. ಇಬ್ಬರಿಗೆ ಸಮ ಅಂಕ ಬಂದರೆ ಮೊದಲು ನೋಡುವುದೂ ಜೀವವಿಜ್ಞಾನದ ಅಂಕವನ್ನೇ.

ಋಣಾತ್ಮಕ ಅಂಕದ ಹೆದರಿಕೆ ಬಗ್ಗೆ ಒಂದು ಮಾತು. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದನ್ನು ತುಂಬಿದರೆ ಸರಾಸರಿ ಕಾಲು ಅಂಕದ ಲಾಭ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಎರಡು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ ಉಳಿದೆರಡರಲ್ಲಿ ಒಂದನ್ನು ತುಂಬುವುದರಿಂದ ಸರಾಸರಿ ಒಂದೂವರೆ ಅಂಕ ಬರುತ್ತದೆ. ಅಂಥ 20 ಪ್ರಶ್ನೆಗಳನ್ನು ಹೆದರಿ ಬಿಟ್ಟವರು ಸುಮಾರು 30 ಅಂಕ ಬಿಟ್ಟ ಹಾಗೆ. ಇನ್ನೊಂದು ನಷ್ಟ ಉತ್ತರ ಗುರುತಿಸುವ ಒಎಂಆರ್ ಹಾಳೆಯಲ್ಲಿ. ಎಲ್ಲ ಬಿಡಿಸಿ ಕೊನೆಯ 15 ನಿಮಿಷದಲ್ಲಿ ಒಟ್ಟಿಗೆ ತುಂಬುತ್ತೇನೆ ಎನ್ನುವವರು ಒಂದು ಸಾಲು ಜಾರಿದರೆ ಕೆಳಗಿನದ್ದೆಲ್ಲ ತಪ್ಪಾಗುತ್ತದೆ. ಪ್ರತಿ ಪುಟ ಮುಗಿದಾಗಲೂ ಆ ಪುಟದ್ದನ್ನು ತುಂಬಿಬಿಡುವ ಅಭ್ಯಾಸ ಮಾಕ್ ಟೆಸ್ಟ್‌ಗಳಲ್ಲೇ ಬರಬೇಕು.

ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು. ಕನ್ನಡ ಆರಿಸಿದವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲ ಕಂಡರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. ಆದ್ದರಿಂದ ಕನ್ನಡ ಮಾಧ್ಯಮದ ಮಕ್ಕಳು ಪ್ರಶ್ನೆಯನ್ನು ಕನ್ನಡದಲ್ಲಿ ಓದಿ, ಪಾರಿಭಾಷಿಕ ಪದ ಅನುಮಾನ ಬಂದ ಕಡೆ ಪಕ್ಕದ ಇಂಗ್ಲಿಷ್ ನೋಡುವುದನ್ನು ರೂಢಿಸಿಕೊಳ್ಳಲಿ.

ಈಗ ಅಂಕ ಮತ್ತು ರ‍್ಯಾಂಕ್. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ಭೌತವಿಜ್ಞಾನ ಕಠಿಣವಾಗಿ, ದೇಶಕ್ಕೇ ಮೊದಲಿಗರಾದವರ ಅಂಕ 686. 650 ದಾಟಿದವರು 2025ರಲ್ಲಿ ಇಡೀ ದೇಶದಲ್ಲಿ ನೂರು ಮಂದಿಯೂ ಇರಲಿಲ್ಲ. ಅದೇ 650ಕ್ಕೆ 2024ರಲ್ಲಿ ರ‍್ಯಾಂಕ್ 20 ಸಾವಿರವನ್ನೂ ದಾಟಿತ್ತು. ಹೀಗಿರುವಾಗ "ಪಕ್ಕದ ಮನೆಯವರಿಗೆ 610ಕ್ಕೆ ಸಿಕ್ಕಿತ್ತು" ಅನ್ನುವ ಮಾತಿಗೆ ಅರ್ಥವಿಲ್ಲ. ಹಿಂದಿನ ಮೂರು ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಟ್‌ಆಫ್ ಪಟ್ಟಿಗಳಲ್ಲಿ ನಿಮ್ಮ ಪ್ರವರ್ಗದ ಕೊನೆಯ ರ‍್ಯಾಂಕ್ ನೋಡಿ, ಅದಕ್ಕೆ ನಿಮ್ಮ ರ‍್ಯಾಂಕನ್ನು ಹೋಲಿಸಿ. ಅಂಕವನ್ನು ಹೋಲಿಸಬೇಡಿ.

'ಕ್ವಾಲಿಫೈ' ಆಗುವುದು ಬೇರೆ, ಸೀಟು ಸಿಗುವುದು ಬೇರೆ. 2025ರಲ್ಲಿ ಸಾಮಾನ್ಯ ವರ್ಗದ ಅರ್ಹತಾ ಅಂಕ 144, ಮೀಸಲು ವರ್ಗಗಳಿಗೆ 113. ಪರೀಕ್ಷೆ ಬರೆದ ಸುಮಾರು 22 ಲಕ್ಷ ಮಂದಿಯಲ್ಲಿ 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ದೇಶದ ಎಂಬಿಬಿಎಸ್ ಸೀಟುಗಳು ಸುಮಾರು ಒಂದೂಕಾಲು ಲಕ್ಷ ಮಾತ್ರ, ಅದರಲ್ಲೂ ಸರ್ಕಾರಿ ಸೀಟು ಅರ್ಧದ ಆಸುಪಾಸು. ವಿದೇಶಿ ಕಾಲೇಜಿನ ಏಜೆಂಟರು ಹುಡುಕುವುದು ಹೀಗೆ ಅರ್ಹರಾಗಿಯೂ ಸೀಟು ಸಿಗದೆ ಉಳಿದ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು. ಫಲಿತಾಂಶದ ಮರುದಿನ ಬರುವ ಫೋನ್ ಕರೆಗಳಿಗೆ ಇದೇ ಕಾರಣ.

ಕರ್ನಾಟಕದ ಸೀಟುಗಳ ಕಥೆಗೆ ಬರೋಣ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟು ಅಖಿಲ ಭಾರತ ಕೋಟಾ, ಅದನ್ನು ದೆಹಲಿಯ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಹಂಚುತ್ತದೆ. ಉಳಿದ ಶೇ 85 ಕೆಇಎ ಮೂಲಕ. ಮಣಿಪಾಲದ ಕೆಎಂಸಿ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಜೆಎನ್‌ಎಂಸಿಯಂಥ ಡೀಮ್ಡ್ (ಸ್ವಾಯತ್ತ ವಿಶ್ವವಿದ್ಯಾಲಯದ ಸ್ಥಾನ ಪಡೆದ) ವಿಶ್ವವಿದ್ಯಾಲಯದ ಕಾಲೇಜುಗಳು ನಮ್ಮ ನೆಲದಲ್ಲೇ ಇದ್ದರೂ ಅವುಗಳ ಸೀಟು ಹಂಚುವುದು ಎಂಸಿಸಿ. ಹಾಗಾಗಿ ಎರಡೂ ಕಡೆ ಬೇರೆ ಬೇರೆಯಾಗಿ ನೋಂದಾಯಿಸಬೇಕು. ನೀಟ್ ಬರೆದಾಯಿತು, ಕೆಇಎಯವರೇ ಕರೆಯುತ್ತಾರೆ ಎಂದು ಕೂತವರಿಗೆ ಯಾರೂ ಕರೆಯುವುದಿಲ್ಲ. ಡೀಮ್ಡ್ ಸೀಟುಗಳ ಕೌನ್ಸೆಲಿಂಗ್‌ಗೆ, ಅಂದರೆ ಸೀಟು ಹಂಚಿಕೆಗೆ, ಎಂಸಿಸಿಯಲ್ಲಿ ನೋಂದಾಯಿಸುವಾಗಲೇ 2 ಲಕ್ಷ ರೂಪಾಯಿ ಠೇವಣಿ ಕಟ್ಟಬೇಕು. ಉಳಿದ ಸೀಟುಗಳನ್ನು ಹಂಚುವ ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಸಿಕ್ಕೂ ಸೇರದಿದ್ದರೆ ಆ ಠೇವಣಿಯೂ ಹೋಗುತ್ತದೆ, ಮುಂದಿನ ನೀಟ್ ಬರೆಯದಂತೆ ನಿರ್ಬಂಧವೂ ಬೀಳುತ್ತದೆ. ಸುಮ್ಮನೆ ಒಂದು ಕೈ ನೋಡೋಣ ಎಂದು ಆ ಸುತ್ತಿಗೆ ಹೋಗಬೇಡಿ.

ಖಾಸಗಿ ಕಾಲೇಜಿನಲ್ಲಿ ಒಂದೇ ಕೋರ್ಸಿಗೆ ಹಲವು ಬೆಲೆ. ಸರ್ಕಾರಿ ಕೋಟಾದ ಜಿ ಸೀಟಿಗೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು, ಖಾಸಗಿ ಕೋಟಾದ ಪಿ ಸೀಟಿಗೆ ಸುಮಾರು 12 ಲಕ್ಷ. ಎನ್‌ಆರ್‌ಐ (ಅನಿವಾಸಿ ಭಾರತೀಯ) ಮತ್ತು ಕ್ಯೂ (ಇತರೆ) ಸೀಟು ಅದಕ್ಕೂ ಬಹಳ ಮೇಲೆ. ಸರ್ಕಾರಿ ಕಾಲೇಜಿನ ಶುಲ್ಕ 60 ಸಾವಿರದ ಸುತ್ತಮುತ್ತ. ಹಾಸ್ಟೆಲ್, ಊಟ, ಪುಸ್ತಕ ಬೇರೆ. ಪಿ ಸೀಟಿಗೆ ನಾಲ್ಕೂವರೆ ವರ್ಷದ ಬೋಧನಾ ಶುಲ್ಕವೇ 54 ಲಕ್ಷವಾಗುತ್ತದೆ. ಇನ್ನೊಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಜಿ, ಪಿ, ಎನ್‌ಆರ್‌ಐ, ಕ್ಯೂ, ಡೀಮ್ಡ್, ಯಾವ ಎಂಬಿಬಿಎಸ್ ಸೀಟೂ ಕೌನ್ಸೆಲಿಂಗ್ ಬಿಟ್ಟು ನೇರವಾಗಿ ಸಿಗುವುದಿಲ್ಲ. ಮುಂಗಡ ಕೊಟ್ಟರೆ ಸೀಟು ಕೊಡಿಸುತ್ತೇನೆ ಎನ್ನುವವರ ಕೈಯಲ್ಲಿ ಕೊಡಿಸಲು ಏನೂ ಇಲ್ಲ.

ಆಪ್ಷನ್ ಎಂಟ್ರಿಯನ್ನು, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದನ್ನು, ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಒಳ್ಳೆಯ ರ‍್ಯಾಂಕ್ ಇದ್ದವರೂ ಎಡವುವುದು ಇಲ್ಲೇ. ಪರದೆಯ ಮೇಲೆ ಒಂದೇ ಕಾಲೇಜು ಜಿ, ಪಿ ಎಂದು ಬೇರೆ ಬೇರೆ ಸಾಲುಗಳಲ್ಲಿ ಬರುತ್ತದೆ, ಪಕ್ಕದಲ್ಲೇ ಶುಲ್ಕ ಇರುತ್ತದೆ. ಒಂದು ಕುಟುಂಬ ಹೆಸರುವಾಸಿ ಕಾಲೇಜು ಎಂಬ ಆಸೆಗೆ ಬೆಂಗಳೂರಿನ ಕಾಲೇಜೊಂದರ ಪಿ ಸೀಟನ್ನು 6ನೇ ಸಾಲಿನಲ್ಲೂ, ಗದಗ ಅಥವಾ ಚಾಮರಾಜನಗರದ ಸರ್ಕಾರಿ ಕಾಲೇಜನ್ನು 25ನೇ ಸಾಲಿನಲ್ಲೂ ಹಾಕಿದೆ ಎಂದುಕೊಳ್ಳಿ. ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ಬರುತ್ತದೆ, 6ನೆಯದು ಸಿಕ್ಕ ಕೂಡಲೇ ನಿಲ್ಲುತ್ತದೆ. 25ನೆಯದೂ ಆ ರ‍್ಯಾಂಕಿಗೆ ಸಿಗುತ್ತಿತ್ತು ಎಂಬುದು ಅದಕ್ಕೆ ಮುಖ್ಯವಲ್ಲ. ಹೀಗೆ ವರ್ಷಕ್ಕೆ 60 ಸಾವಿರದ ಜಾಗದಲ್ಲಿ 12 ಲಕ್ಷ ಕಟ್ಟುವ ಪರಿಸ್ಥಿತಿ ಬರುತ್ತದೆ. ಕೈಯಲ್ಲಿ ಹಣ ಇಲ್ಲದವರು ಮೊದಲು ರಾಜ್ಯದ ಎಲ್ಲ ಸರ್ಕಾರಿ ಕಾಲೇಜು, ಆಮೇಲೆ ಖಾಸಗಿಯ ಎಲ್ಲ ಜಿ ಸೀಟು, ನಿಜವಾಗಿ ಕಟ್ಟಲು ಸಾಧ್ಯವಿದ್ದರೆ ಮಾತ್ರ ಕೊನೆಯಲ್ಲಿ ಪಿ, ಈ ಕ್ರಮ ಬಿಡಬೇಡಿ. ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬಂದಾಗ ಪಟ್ಟಿ ತಿದ್ದಲು ಅವಕಾಶವಿರುತ್ತದೆ. ಅದನ್ನು ಶುಲ್ಕದ ಕಣ್ಣಿನಿಂದ ಇನ್ನೊಮ್ಮೆ ಓದಿ.

ಸೀಟು ಬಂದ ಮೇಲೆ ಚಾಯ್ಸ್ ಒತ್ತುವ ಹಂತ. ಒಪ್ಪಿ ಸೇರುವುದು ಒಂದು, ಈ ಸೀಟನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಹೋಗುವುದು ಎರಡು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರು, ಪೂರ್ತಿ ಹೊರಬರುವುದು ನಾಲ್ಕು. ಎರಡನೆಯ ಚಾಯ್ಸ್ ಒತ್ತಿದವರಿಗೆ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಸೀಟು ಬಂದರೆ ಹಳೆಯದು ತಾನಾಗಿ ರದ್ದು. ಹಾಗಾಗಿ ಮೇಲಿನ ಸಾಲುಗಳಲ್ಲಿ ಬೇಡದ್ದು ಉಳಿದಿದ್ದರೆ ಮೊದಲು ಅಳಿಸಿ, ಆಮೇಲೆ ಎರಡನೆಯ ಚಾಯ್ಸ್ ಒತ್ತಿ.

ದಾಖಲೆಗಳಲ್ಲಿ ಕಳೆದುಕೊಳ್ಳುವ ಸೀಟುಗಳೂ ಕಡಿಮೆಯಲ್ಲ. ಶೇ 15ರ ಗ್ರಾಮೀಣ ಮೀಸಲಿಗೆ ಬೇಕಾದ್ದು 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದ ದಾಖಲೆ, ಮನೆ ಹಳ್ಳಿಯಲ್ಲಿದ್ದರೆ ಸಾಲದು. ಶೇ 5ರ ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷ. ನಡುವೆ ಒಂದು ವರ್ಷ ಪಟ್ಟಣದ ಶಾಲೆಗೆ ಹೋಗಿದ್ದರೆ ಗ್ರಾಮೀಣ ಮೀಸಲು ಇಲ್ಲ. ಕಲ್ಯಾಣ ಕರ್ನಾಟಕದವರು ತಮ್ಮ ಪ್ರದೇಶದ ಮೀಸಲಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಲ್ಲಿ ಬರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಹೊಂದಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೆ ಈಗಲೇ ನಾಡಕಚೇರಿಗೆ ಹೋಗಿ ಸರಿಪಡಿಸಿಕೊಳ್ಳಿ. ಮತ್ತೊಂದು ಎಡವಟ್ಟು: ನೀಟ್ ಅರ್ಜಿಯಲ್ಲಿ ಕೇಳುವ ಒಬಿಸಿ ಕೇಂದ್ರದ ಪಟ್ಟಿಯದ್ದು. ರಾಜ್ಯದ 2ಎ, 2ಬಿ, 3ಎ, 3ಬಿ ಪಟ್ಟಿಗಳಲ್ಲಿರುವ ಎಲ್ಲ ಜಾತಿಗಳೂ ಅದರಲ್ಲಿಲ್ಲ. ಎರಡಕ್ಕೂ ಪ್ರಮಾಣಪತ್ರದ ನಮೂನೆಯೇ ಬೇರೆ.

ಈಗ ವಿದೇಶ. ಇದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಇಲ್ಲಿ ತಪ್ಪಾದರೆ ಗೊತ್ತಾಗುವುದು ಆರು ವರ್ಷದ ನಂತರ.

ಹೊರದೇಶದಲ್ಲಿ ಓದಿ ಇಲ್ಲಿ ವೈದ್ಯರಾಗಬೇಕಾದವರಿಗೂ ನೀಟ್ ಅರ್ಹತೆ ಕಡ್ಡಾಯ. 2018ರಲ್ಲಿ ಬಂದ ಈ ನಿಯಮವನ್ನು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ವಿದೇಶಿ ಪ್ರವೇಶದ ಮಟ್ಟಿಗೆ ಅರ್ಹತೆಯ ಅವಧಿ ಮೂರು ವರ್ಷ. "ನೀಟ್ ಇಲ್ಲದೆ ಎಂಬಿಬಿಎಸ್" ಎಂಬ ಫಲಕ ಕಂಡರೆ ಅದರ ಅರ್ಥ, ಅಲ್ಲಿ ಓದಿದವರಿಗೆ ಇಲ್ಲಿ ನೋಂದಣಿಯಿಲ್ಲ ಎಂದು.

ಎರಡನೆಯದು 2021ರ ನವೆಂಬರ್ 18ರಂದು ಪ್ರಕಟವಾದ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ವಿದೇಶಿ ವೈದ್ಯ ಪದವೀಧರರ ನಿಯಮಾವಳಿ. ಅದರ ಷರತ್ತುಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಕೋರ್ಸ್ ಕನಿಷ್ಠ 54 ತಿಂಗಳಿನದ್ದಿರಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಷಿಪ್ ಅದೇ ವಿದೇಶಿ ಸಂಸ್ಥೆಯಲ್ಲೇ ಆಗಬೇಕು. ಬೋಧನೆ ಇಂಗ್ಲಿಷಿನಲ್ಲಿರಬೇಕು. ಓದು, ತರಬೇತಿ, ಇಂಟರ್ನ್‌ಷಿಪ್‌ನ ಯಾವ ಭಾಗವೂ ಬೇರೆ ದೇಶದಲ್ಲಿ ನಡೆಯಕೂಡದು. ಆ ದೇಶದ ನಾಗರಿಕ ವೈದ್ಯನಿಗೆ ಸಿಗುವ ಪರವಾನಗಿಗೆ ಸಮನಾದದ್ದು ಅಲ್ಲಿ ಓದಿದ ಭಾರತೀಯನಿಗೂ ಸಿಗುವಂತಿರಬೇಕು. ಸೇರಿದ ದಿನದಿಂದ 10 ವರ್ಷದೊಳಗೆ ಕೋರ್ಸ್ ಮುಗಿಯಬೇಕು. ಇಷ್ಟಾದ ಮೇಲೆ ಇಲ್ಲಿಗೆ ಬಂದು ಪರೀಕ್ಷೆ, ನಂತರ ಮತ್ತೆ 12 ತಿಂಗಳ ಇಂಟರ್ನ್‌ಷಿಪ್.

ಈ ಷರತ್ತುಗಳನ್ನು ಒಂದೊಂದು ದೇಶದ ಮೇಲೆ ಇಟ್ಟು ನೋಡಿ. ಫಿಲಿಪೀನ್ಸ್‌ನಲ್ಲಿ ಮೊದಲು ಬಿಎಸ್ ಪದವಿ, ನಂತರ ನಾಲ್ಕು ವರ್ಷದ ಎಂ.ಡಿ (ಅಲ್ಲಿನ ಮೂಲ ವೈದ್ಯ ಪದವಿ). ನಾಲ್ಕು ವರ್ಷ ಅಂದರೆ 48 ತಿಂಗಳು, 54 ಆಗುವುದಿಲ್ಲ. ಬಿಎಸ್ ವೈದ್ಯಕೀಯ ಓದೇ ಅಲ್ಲ. ಕೆರಿಬಿಯನ್ ದ್ವೀಪಗಳ ಹಲವು ಕಾಲೇಜುಗಳಲ್ಲಿ ಮೊದಲ ಭಾಗ ದ್ವೀಪದಲ್ಲಿ, ಆಸ್ಪತ್ರೆ ತರಬೇತಿ ಅಮೆರಿಕದಲ್ಲಿ. ಅಮೆರಿಕದಲ್ಲೇ ನೆಲೆಸುವವರಿಗೆ ಅದು ದಾರಿಯಾಗಬಹುದು, ಭಾರತಕ್ಕೆ ಮರಳುವವರಿಗೆ ಒಂದೇ ದೇಶ ಎಂಬ ಷರತ್ತು ಅಲ್ಲಿಗೇ ಮುರಿಯಿತು. ರಷ್ಯಾದ ಕೆಲವು ಕಡೆ ಮೊದಲ ವರ್ಷಗಳು ಇಂಗ್ಲಿಷಿನಲ್ಲಿ, ಮುಂದಿನವು ರಷ್ಯನ್‌ನಲ್ಲಿ. ಅದೂ ನಡೆಯದು. ಜಾರ್ಜಿಯಾ, ಕಿರ್ಗಿಸ್ತಾನ, ಉಜ್ಬೇಕಿಸ್ತಾನಗಳಲ್ಲಿ ಕೇಳಬೇಕಾದ್ದು: 12 ತಿಂಗಳ ಇಂಟರ್ನ್‌ಷಿಪ್ ಕೋರ್ಸಿನ ಒಳಗಿದೆಯೋ, ಮೇಲಿದೆಯೋ? ಉತ್ತರ ಬಾಯಿಮಾತಿನಲ್ಲಿ ಬೇಡ, ವಿಶ್ವವಿದ್ಯಾಲಯದ ಲೆಟರ್‌ಹೆಡ್‌ನಲ್ಲಿ ತಿಂಗಳ ಲೆಕ್ಕದ ಸಮೇತ ಬೇಕು.

"ಎನ್‌ಎಂಸಿ ಅನುಮೋದಿತ ವಿಶ್ವವಿದ್ಯಾಲಯ" ಎಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ. ಆಯೋಗ ಯಾವ ವಿದೇಶಿ ಕಾಲೇಜನ್ನೂ ಅನುಮೋದಿಸುವುದಿಲ್ಲ, ಅಂಥ ಪಟ್ಟಿಯೇ ಇಲ್ಲ. ವಿಶ್ವ ವೈದ್ಯಕೀಯ ಶಾಲೆಗಳ ಡೈರೆಕ್ಟರಿಯಲ್ಲಿ ಹೆಸರಿದೆ ಅನ್ನುವುದೂ ಮಾನ್ಯತೆಯ ಗುರುತಲ್ಲ. ನಿಯಮ ಪಾಲನೆಯಾಗಿದೆಯೇ ಎಂದು ನೋಡುವ ಹೊಣೆ ಪೂರ್ತಿ ನಿಮ್ಮದೇ.

ಮರಳಿದ ಮೇಲಿನ ಪರೀಕ್ಷೆ ಸದ್ಯಕ್ಕೆ ಎಫ್‌ಎಂಜಿಇ (ವಿದೇಶಿ ವೈದ್ಯ ಪದವೀಧರರ ಪರೀಕ್ಷೆ). ವರ್ಷಕ್ಕೆ ಎರಡು ಬಾರಿ, 300 ಪ್ರಶ್ನೆ, ಎರಡು ಭಾಗ, ಋಣಾತ್ಮಕ ಅಂಕವಿಲ್ಲ, 150 ಬಂದರೆ ಪಾಸು. ಇಷ್ಟು ಸರಳವಾಗಿ ಕಂಡರೂ 2025ರ ಜೂನ್‌ನಲ್ಲಿ ಪಾಸಾದವರು ಶೇ 18.6ರಷ್ಟು. ಕೆಲವು ಬಾರಿ ಇದು ಶೇ 30ರ ಹತ್ತಿರ ಹೋಗುತ್ತದೆ. ಈ ಅಂಕಿಯಲ್ಲಿ ಹಿಂದೆ ಫೇಲಾಗಿ ಮತ್ತೆ ಬರೆದವರೂ ಸೇರಿದ್ದಾರೆ, ಆದ್ದರಿಂದ ಐದರಲ್ಲಿ ನಾಲ್ವರು ಎಂದೆಂದಿಗೂ ಪಾಸಾಗುವುದಿಲ್ಲ ಎಂದು ಓದಬಾರದು. ಆದರೆ ಒಬ್ಬೊಬ್ಬರು ಒಂದೂವರೆ, ಎರಡು ವರ್ಷ ಇದರಲ್ಲೇ ಕಳೆಯುತ್ತಾರೆ.

ಏಕೆ ಫೇಲಾಗುತ್ತಾರೆ? ಮಕ್ಕಳು ದಡ್ಡರೆಂದಲ್ಲ. ಪತ್ರಿಕೆಯ ಹಂಚಿಕೆ ನೋಡಿ: 300ರಲ್ಲಿ 200 ಅಂಕ ಆಸ್ಪತ್ರೆ ವಿಷಯಗಳದ್ದು, ಮೆಡಿಸಿನ್ 33, ಸರ್ಜರಿ 32, ಪ್ರಸೂತಿ ಮತ್ತು ಸ್ತ್ರೀರೋಗ 30, ಸಮುದಾಯ ವೈದ್ಯಶಾಸ್ತ್ರ 30. ಈ ಕೊನೆಯ 30 ಅಂಕದಲ್ಲಿ ಬಹಳಷ್ಟು ನಮ್ಮ ನೆಲದ್ದು. ಬಯಲು ಸೀಮೆಯಲ್ಲಿ ಒಂದು ಆರೋಗ್ಯ ಉಪಕೇಂದ್ರ ಎಷ್ಟು ಜನಸಂಖ್ಯೆಗೆ? 5,000ಕ್ಕೆ. ಗುಡ್ಡಗಾಡಿನಲ್ಲಿ? 3,000ಕ್ಕೆ. ಹುಟ್ಟಿದ ಮಗುವಿಗೆ ಯಾವ ಯಾವ ಲಸಿಕೆ? ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಕ್ಷಯದ ರಾಷ್ಟ್ರೀಯ ಕಾರ್ಯಕ್ರಮ, ಮಲೇರಿಯಾ ಚಿಕಿತ್ಸೆ, ಕೀಟನಾಶಕ ಕುಡಿದು ಬಂದವರ ಆರೈಕೆ, ಇವನ್ನೆಲ್ಲ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲೋ ಜಾರ್ಜಿಯಾದ ಟಿಬಿಲಿಸಿಯಲ್ಲೋ ಯಾರೂ ನಮ್ಮ ಹಾಗೆ ಕಲಿಸುವುದಿಲ್ಲ. ಎರಡನೆಯ ಕಾರಣ ಭಾಷೆ. ತರಗತಿ ಇಂಗ್ಲಿಷಿನಲ್ಲಿದ್ದರೂ ಹಾಸಿಗೆಯ ಮೇಲಿರುವ ರೋಗಿ ಮಾತಾಡುವುದು ಕಿರ್ಗಿಜ್, ರಷ್ಯನ್, ಜಾರ್ಜಿಯನ್. ಎದೆನೋವು ಯಾವಾಗ ಶುರುವಾಯಿತು, ಎಲ್ಲಿಗೆ ಹರಡಿತು ಎಂದು ಕೇಳಲು ಬಾರದ ವಿದ್ಯಾರ್ಥಿ ಹಿಂದೆ ನಿಂತು ನೋಡುತ್ತಾನೆ, ಅಷ್ಟೇ. ಹೋಗುವವರು ಮೊದಲ ವರ್ಷದಲ್ಲೇ ಸ್ಥಳೀಯ ಭಾಷೆ ಕಲಿಯಬೇಕು. ಮೂರನೇ ವರ್ಷದಿಂದ ಇಲ್ಲಿನ ಪಠ್ಯಪುಸ್ತಕಗಳನ್ನು ಜೊತೆಗೆ ಓದಬೇಕು. ಎಫ್‌ಎಂಜಿಇ ತಯಾರಿಯನ್ನು ಮರಳಿದ ಮೇಲೆ ಶುರು ಮಾಡಿದರೆ ತಡವಾಯಿತು.

ಖರ್ಚಿನ ಹಾಳೆ ಹೀಗೆ ಹಾಕಿ. ಏಜೆಂಟ್ ಹೇಳುವ 25 ಲಕ್ಷದ ಪ್ಯಾಕೇಜ್ ಮೇಲಿನ ಸಾಲು. ಅದರ ಕೆಳಗೆ ಊಟ, ಚಳಿಗಾಲದ ಬಟ್ಟೆ, ವೀಸಾ ನವೀಕರಣ, ವಿಮೆ, ಆರು ವರ್ಷದ ವಿಮಾನ ಟಿಕೆಟ್ಟು, ಮರಳಿದ ಮೇಲಿನ ಕೋಚಿಂಗ್, ಸಂಪಾದನೆಯಿಲ್ಲದೆ ಕಾಯುವ ಒಂದೆರಡು ವರ್ಷ, ಸಾಲದ ಬಡ್ಡಿ. ಶುಲ್ಕ ಡಾಲರಿನಲ್ಲಿದ್ದರೆ ಇನ್ನೊಂದು ಸಾಲು. 2019ರಲ್ಲಿ ಡಾಲರಿಗೆ 70 ರೂಪಾಯಿಯ ಆಸುಪಾಸು ಇತ್ತು, 2025ರಲ್ಲಿ 85 ದಾಟಿತು. ಓದು ಮುಗಿಯುವಷ್ಟರಲ್ಲಿ ಶುಲ್ಕ ಏರದೆಯೂ ಐದನೇ ಒಂದು ಭಾಗ ಹೆಚ್ಚಾಯಿತು.

ದೇಶದ ಪರಿಸ್ಥಿತಿಯೂ ಲೆಕ್ಕಕ್ಕೆ ಬರಬೇಕು. 2022ರಲ್ಲಿ ಉಕ್ರೇನ್‌ನಿಂದ ಸಾವಿರಾರು ಮಕ್ಕಳು ಓದು ಅರ್ಧಕ್ಕೆ ಬಿಟ್ಟು ಮರಳಿದರು, ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬರು ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡರು. ಕೋವಿಡ್ ಕಾಲದಲ್ಲಿ ಚೀನಾ ಗಡಿ ಮುಚ್ಚಿದಾಗ ಮನೆಯಲ್ಲಿ ಕೂತು ಆನ್‌ಲೈನ್ ಪಾಠ ಕೇಳಿದವರು ಇಲ್ಲಿ ಹೆಚ್ಚುವರಿ ಇಂಟರ್ನ್‌ಷಿಪ್ ಮಾಡಬೇಕಾಯಿತು.

ಬ್ರಿಟನ್, ಇಟಲಿಯ ಬಗ್ಗೆಯೂ ಕೆಲವರು ಚೀಟಿ ಕಳಿಸಿದ್ದೀರಿ. ಬ್ರಿಟನ್‌ಗೆ ಯುಕ್ಯಾಟ್ ಪರೀಕ್ಷೆ, ವರ್ಷಕ್ಕೆ ಒಂದೇ ಬಾರಿ ಬರೆಯಬಹುದು. 2025ರಿಂದ ಅಂಕ 900ರಿಂದ 2700ರವರೆಗೆ. ಅರ್ಜಿಗೆ ಅಕ್ಟೋಬರ್ 15 ಕೊನೆಯ ದಿನ, ವೈದ್ಯಕೀಯಕ್ಕೆ ನಾಲ್ಕೇ ಆಯ್ಕೆ. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಇಂಗ್ಲಿಷ್ ಕೋರ್ಸಿಗೆ ಐಮ್ಯಾಟ್ ಪರೀಕ್ಷೆ: 60 ಪ್ರಶ್ನೆ, 100 ನಿಮಿಷ, ಸರಿಗೆ 1.5, ತಪ್ಪಿಗೆ 0.4 ಕಳೆತ. ಶುಲ್ಕ ಕುಟುಂಬದ ಆದಾಯದ ಮೇಲೆ ನಿಗದಿಯಾಗುವುದರಿಂದ ಕಡಿಮೆ, ಪೈಪೋಟಿ ಹೆಚ್ಚು. ಎರಡೂ ಕಡೆ ಓದು ಚೆನ್ನಾಗಿದೆ. ಆದರೆ ಬ್ರಿಟನ್‌ನಲ್ಲಿ ಪದವಿಯ ನಂತರದ ಮೊದಲ ವರ್ಷದ ತರಬೇತಿ ಬೇರೆ ಆಸ್ಪತ್ರೆಯಲ್ಲಿ, ಇಟಲಿಯಲ್ಲಿ ತರಬೇತಿ ಕೋರ್ಸಿನ ಒಳಗೇ. ಅದೇ ಸಂಸ್ಥೆಯಲ್ಲಿ ಪ್ರತ್ಯೇಕ 12 ತಿಂಗಳು ಎಂಬ ನಮ್ಮ ಷರತ್ತಿನ ಮುಂದೆ ಎರಡಕ್ಕೂ ಪ್ರಶ್ನೆ ಏಳುತ್ತದೆ. ಅಲ್ಲೇ ಉಳಿಯುವ ಮನಸ್ಸಿದ್ದವರು ಈ ದಾರಿ ಹಿಡಿಯಿರಿ.

ಹಾಗಾದರೆ ಇನ್ನೊಂದು ವರ್ಷ ನೀಟ್ ಬರೆಯಬೇಕೇ? ಅಂಕಪಟ್ಟಿಯನ್ನು ವಿಷಯವಾರು ನೋಡಿ. ಜೀವವಿಜ್ಞಾನದಲ್ಲಿ 300ರ ಹತ್ತಿರ ಇದ್ದು ಭೌತವಿಜ್ಞಾನದಲ್ಲಿ ಕುಸಿದಿದ್ದರೆ ಒಂದು ವರ್ಷದ ಓದು ಫಲ ಕೊಡುತ್ತದೆ, ನಮ್ಮ ಸಲಹೆ ಬರೆಯಿರಿ ಎಂದೇ. ಮೂರೂ ವಿಷಯದಲ್ಲಿ ಅರ್ಧಕ್ಕಿಂತ ಕೆಳಗಿದ್ದರೆ, ಅದೂ ಎರಡನೇ ಪ್ರಯತ್ನವಾಗಿದ್ದರೆ, ಬೇರೆ ಕೋರ್ಸುಗಳನ್ನು ಗೌರವದಿಂದ ನೋಡುವುದು ಒಳ್ಳೆಯದು. ಅರ್ಹತಾ ಅಂಕವನ್ನು ಕಷ್ಟಪಟ್ಟು ದಾಟಿದ ಮಗುವನ್ನು ವಿದೇಶಕ್ಕೆ ಕಳಿಸುವಾಗ ಆರು ವರ್ಷದ ನಂತರ ಎಫ್‌ಎಂಜಿಇಯಲ್ಲಿ 150 ಪಡೆಯಬೇಕಾದದ್ದೂ ಅದೇ ಮಗು ಎಂಬುದನ್ನು ಮರೆಯಬೇಡಿ.

ಕೊನೆಗೆ ತಾಯಿಯೊಬ್ಬರು ಕೇಳಿದ ಪ್ರಶ್ನೆ: "ಏಜೆಂಟ್ ಈಗಲೇ ಒರಿಜಿನಲ್ ಅಂಕಪಟ್ಟಿ ಕೇಳ್ತಿದ್ದಾರೆ, ಕೊಡಬಹುದಾ?" ಕೊಡಬೇಡಿ ಅಮ್ಮ. ಕೆಇಎ ಸುತ್ತುಗಳು ತಿಂಗಳುಗಟ್ಟಲೆ ನಡೆಯುತ್ತವೆ, ಕೊನೆಯ ಸುತ್ತಿನಲ್ಲಿ ಸೀಟು ಬಂದರೆ ಒರಿಜಿನಲ್ ಇಲ್ಲದೆ ಸೇರಲಾಗುವುದಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಪ್ರವೇಶ ಪತ್ರಕ್ಕೆ ಸ್ಕ್ಯಾನ್ ಪ್ರತಿ ಸಾಕು. ದಾಖಲೆ ಅಸಲಿ ಎಂದು ವಿದೇಶಕ್ಕಾಗಿ ದೃಢೀಕರಿಸುವ ಅಪೊಸ್ಟಿಲ್ ಮುದ್ರೆಗೆ ಕೊಡಬೇಕಾಗಿ ಬಂದರೂ ರಸೀದಿ ನಿಮ್ಮ ಹೆಸರಿನಲ್ಲಿರಲಿ, ಕೆಲಸ ಮುಗಿದ ಕೂಡಲೇ ಮನೆಗೆ ತನ್ನಿ. ಹಣವನ್ನೂ ಏಜೆಂಟರ ಖಾತೆಗೆ ಹಾಕಬೇಡಿ, ಬ್ಯಾಂಕಿನ ಮೂಲಕ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ವರ್ಷವರ್ಷದ ಶುಲ್ಕ ಕಟ್ಟಿ. ಆರು ವರ್ಷದ್ದು ಒಟ್ಟಿಗೆ ಕೊಟ್ಟರೆ ರಿಯಾಯಿತಿ ಎಂದರೂ ಬೇಡ ಅನ್ನಿ.